ಹಿಂಬಾಗಿಲ ಅಳತೆ

ಲಾಡ್ಜಿನ ಕೋಣೆಯಿಂದ
ಫೆಬ್ರುವರಿ 4

ಪ್ರೀತಿಯ ದೊಡ್ಡಮ್ಮನಿಗೆ,

ಸುಖವಾಗಿ ಬಂದು ತಲುಪಿದೆ. ಫೋನ್ ಮಾಡಿದರೆ ನೀನು "ಆಂ? ಆಂ?" ಅನ್ನುತ್ತೀ, ನಾನು ಇಡೀ ಲಾಡ್ಜು ಎದ್ದು ಕೂರುವ ಹಾಗೆ ಕಿರುಚಬೇಕು. ಆಸ್ಪತ್ರೆ ಲಾಂಡ್ರಿಯ ಮೆಷಿನ್ನುಗಳು ನಿನ್ನ ಕಿವಿ ತಿಂದು ನನಗೆ ಕಾಗದ ಬರೆಯುವ ಶಿಕ್ಷೆ ಕೊಟ್ಟಿವೆ.

ಈ ಸುತ್ತಿನಲ್ಲಿ ನಾನು ನೋಡಬೇಕಾದ ಕಟ್ಟಡಗಳು ಆರು. ಮೊದಲನೆಯದು ಒಂದು ಪಾಳುಬಿದ್ದ ಚರ್ಚು. ಮೂವತ್ತು ವರ್ಷದಿಂದ ಅಲ್ಲಿ ಪ್ರಾರ್ಥನೆ ನಡೆದಿಲ್ಲ. ಊರಿನ ಚರ್ಚು ಸಮಿತಿಯವರು ಅದನ್ನು ದುರಸ್ತಿ ಮಾಡಿ ಮದುವೆ ಹಾಲ್ ಮಾಡಬೇಕು ಅಂತ ನಮ್ಮ ಹಳೇ ಕಟ್ಟಡಗಳ ಇಲಾಖೆಗೆ ಅರ್ಜಿ ಹಾಕಿದ್ದಾರೆ. ಯಾವ ಗೋಡೆ ನಿಲ್ಲುತ್ತದೆ, ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬಹುದು ಅಂತ ನಾನು ವರದಿ ಕೊಡಬೇಕು.

ದೊಡ್ಡಮ್ಮ, ಏನು ಹೇಳಲಿ! ಬಾಗಿಲು ತೆಗೆದ ಕೂಡಲೇ ಒಳಗಿಂದ ಬಂದ ನಾತ ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ನೂಕಿತು. ಬಾವಲಿ ಹಿಕ್ಕೆ ಕಾಲಿನ ಗಂಟು ಮುಳುಗುವಷ್ಟಿದೆ. ಮೇಲೆ ಒಣಗಿದೆ, ಒಳಗೆ ಹಸಿ. ಬೂಟು ಇಟ್ಟರೆ ಕೇಕಿನ ಹಾಗೆ ಕುಸಿಯುತ್ತದೆ. ಗೋಡೆಯ ಮೇಲೆಲ್ಲ ಬಾವಲಿ ಮೂತ್ರ ಇಳಿದು ಕಂದು ಗೆರೆಗಳಾಗಿವೆ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯಲ್ಲಿ ಸತ್ತ ಪಾರಿವಾಳ, ಅದರ ಮೇಲೆ ಹುಳ. ಯಾರೋ ಪುಣ್ಯಾತ್ಮರು ಬಲಿಪೀಠದ ಹಿಂದೆ ಕೂತು ಎದ್ದು ಹೋಗಿದ್ದಾರೆ, ಅದೂ ಒಂದು ಸಲ ಅಲ್ಲ. ಮೂಗಿಗೆ ಕಟ್ಟಿಕೊಂಡ ಬಟ್ಟೆಯೊಳಗೇ ಓಕರಿಸಿದೆ.

ಬೀಗದ ಕೈ ಪಕ್ಕದ ಮನೆಯ ಹೆಂಗಸಿನ ಹತ್ತಿರ ಇದೆ. ಐವತ್ತೈದು ದಾಟಿರಬೇಕು. ನಾನು ಅವಳಿಗೆ ಬೀಗದಕ್ಕ ಅಂತ ಹೆಸರಿಟ್ಟಿದ್ದೇನೆ. ಒಳಗೆ ಹಿಂಬದಿಯಲ್ಲಿ ಐದು ಆಡು ಮಲಗಿದ್ದವು.

"ಇದೇನಕ್ಕ, ಚರ್ಚೊಳಗೆ ಆಡು ಕಟ್ಟಿದ್ದೀರಾ?" ಅಂದೆ.

"ಕಟ್ಟಿಲ್ಲಮ್ಮ, ಅವೇ ಬರ್ತವೆ. ನೆರಳು ನೋಡಿ."

"ಬೀಗ ಹಾಕಿದ್ರೆ ಹೇಗೆ ಬರ್ತವೆ?"

"ಬೀಗ ಹಾಕಿರೋದು ಮುಂಬಾಗಿಲಿಗೆ ಅಲ್ವಾ" ಅಂದಳು, ನನ್ನ ದಡ್ಡತನಕ್ಕೆ ಮರುಗುವವಳ ಹಾಗೆ.

ಹೌದು, ಹಿಂದೆ ಇನ್ನೊಂದು ಬಾಗಿಲಿದೆ. ಎರಡಡಿ ಅಗಲ, ಐದಡಿ ಎತ್ತರ. ನಾನು ಬಗ್ಗಿ, ಅಡ್ಡ ತಿರುಗಿ ನುಗ್ಗಬೇಕಾಯಿತು. ಅಲ್ಲಿಂದ ಒಳಗೆ ಬಂದರೆ ಒಂದು ಕತ್ತಲ ಪಟ್ಟಿ. ಎದೆಮಟ್ಟದ ಇಟ್ಟಿಗೆ ಗೋಡೆಯೊಂದು ಅದನ್ನು ಉಳಿದ ಚರ್ಚಿನಿಂದ ಬೇರೆ ಮಾಡಿದೆ. ಗೋಡೆಯಲ್ಲಿ ಒಂದು ಕಿಂಡಿಯೂ ಇಲ್ಲ. ಆ ಕಡೆ ನುಣುಪು ಕಲ್ಲಿನ ನೆಲ, ಈ ಕಡೆ ಬರೀ ಮಣ್ಣು. ಹಂದಿಗೂಡಿನ ಹಾಗಿದೆ. ಸೌದೆ ತುಂಬುವ ಜಾಗವೋ ಏನೋ. ದೇವರ ಮನೆಯಲ್ಲಿ ಇಂಥ ಕೊಟ್ಟಿಗೆ ಕಟ್ಟುವ ಬುದ್ಧಿ ಯಾರಿಗೆ ಬಂತೋ ಅಂತ ನಕ್ಕೆ.

ಬೂಟಿನ ವಾಸನೆ ಹೋಗಲು ಏನು ಮಾಡಬೇಕು, ತಕ್ಷಣ ಬರೆ.

ನಿನ್ನ
ಮೂಗುಮುರುಕಿ


ಮನೆ
ಫೆಬ್ರುವರಿ 9

ಮೂಗುಮುರುಕಿಗೆ,

ಬೂಟನ್ನು ಒಳಗೂ ಹೊರಗೂ ಸೋಡಾ ಪುಡಿ ಹಾಕಿ ಒಂದು ಹಗಲು ಬಿಡು. ಆಮೇಲೆ ಬಿಸಿಲಿಗೆ ಇಡು. ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಸೇರಿಸಬೇಡ. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರಿಗೆ ಹಾಕಿದರೆ ವಾಸನೆ ನೂಲಿಗೆ ಹಿಡಿದುಕೊಳ್ಳುತ್ತದೆ. ತಲೆಗೆ ದಿನಾ ಸ್ನಾನ ಮಾಡು.

ಅಂಥ ಜಾಗದಲ್ಲಿ ಹೆಚ್ಚು ದಿನ ಇರಬೇಡ. ಬಾವಲಿ ಹಿಕ್ಕೆಯಿಂದ ಎದೆಗೆ ಕಾಯಿಲೆ ಬರುತ್ತದೆ ಅಂತ ನಮ್ಮ ಆಸ್ಪತ್ರೆಯ ನರ್ಸುಗಳು ಹೇಳುತ್ತಿದ್ದರು. ಬೀಳುವ ಕಟ್ಟಡ, ಪೂರ್ತಿ ಕೆಡವಬೇಕು ಅಂತ ಒಂದೇ ಸಾಲು ಬರೆದು ಮುಂದಿನ ಕಟ್ಟಡಕ್ಕೆ ಹೋಗು. ಹಿಂದಿನ ಆ ಭಾಗದಲ್ಲಿ ನೋಡುವುದು ಏನಿದೆ? ಹೋಗಲೇಬೇಡ. ಹೊಳೆಯ ನೀರು ಮಾತ್ರ ಕುಡಿಯಬೇಡ.

ಮುಂದಿನ ಬೆಂಚುಗಳು ಇನ್ನೂ ಇವೆಯಾ? ಸುಮ್ಮನೆ ಕೇಳಿದೆ.

ಪಕ್ಕದ ಮನೆಯ ಟೈಲರಮ್ಮ ನಿನ್ನನ್ನು ಕೇಳಿದಳು. ನಿನ್ನ ನೀಲಿ ಕೋಟಿನ ತೋಳು ಬಿಚ್ಚಿ ಹೊಲಿದಿದ್ದಾಳೆ.

ದೊಡ್ಡಮ್ಮ


ಲಾಡ್ಜು
ಫೆಬ್ರುವರಿ 14

ಪ್ರೀತಿಯ ದೊಡ್ಡಮ್ಮನಿಗೆ,

ನಿನ್ನ ಕಾಗದ ಓದಿ ನಗು ಬಂತು. ಒಂದೇ ಸಾಲಿನಲ್ಲಿ ಚರ್ಚು ಕೆಡವಿಸಿಬಿಟ್ಟೆಯಲ್ಲ! ನನ್ನ ಮೇಲಧಿಕಾರಿಗಳಿಗಿಂತ ನಿನ್ನದೇ ಚುರುಕು ತೀರ್ಪು. ನಾನು ಸಣ್ಣವಳಿದ್ದಾಗ ಕೆಮ್ಮಿದರೂ ನಿನಗೆ ಹೀಗೇ ಗಾಬರಿ. ಈಗ ಮೂವತ್ತೆರಡು ನನಗೆ, ಸ್ವಲ್ಪ ಧೈರ್ಯ ತಂದುಕೋ. ಇಲ್ಲಿ ಹೊಳೆ ಇದೆ ಅಂತ ನಾನು ಬರೆದಿದ್ದೆನಾ? ಬರೆದಿರಬೇಕು. ನೀರು ಕಂದು ಬಣ್ಣ, ಯಾರೂ ಕುಡಿಯುವುದಿಲ್ಲ ಬಿಡು.

ಬೆಂಚು ಒಂದೇ ಒಂದು ಉಳಿದಿದೆ, ಅದಕ್ಕೂ ಮೂರೇ ಕಾಲು. ಉಳಿದವನ್ನು ಊರಿನವರು ಹೊತ್ತುಕೊಂಡು ಹೋಗಿದ್ದಾರೆ. ಒಂದು ಚಹಾದಂಗಡಿಯ ಮುಂದಿದೆ, ಇನ್ನೊಂದು ಕೋಳಿ ಮಾಂಸದಂಗಡಿಯಲ್ಲಿ ಕಡಿಯುವ ಹಲಗೆಯಾಗಿದೆ. ಅದರ ಅಂಚಿನಲ್ಲಿ ಕೆತ್ತಿದ ಶಿಲುಬೆ, ಸಂದಿಯಲ್ಲಿ ಹೆಪ್ಪುಗಟ್ಟಿದ ರಕ್ತ, ನೊಣ. ಅಂಗಡಿಯವನು ಅದರ ಮೇಲೇ ಬ್ರೆಡ್ಡಿಟ್ಟುಕೊಂಡು ತಿನ್ನುತ್ತಿದ್ದ.

ಸಮಿತಿಯ ಅಧ್ಯಕ್ಷರನ್ನು ನೋಡಿದೆ. ಮರ ಕೊಯ್ಯುವ ಮಿಲ್ಲಿನ ಯಜಮಾನ. ಎಪ್ಪತ್ತರ ಹತ್ತಿರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನೀನು ನೋಡಿದ್ದರೆ ಕಾಲರ್ ಮೆಚ್ಚುತ್ತಿದ್ದೆ. ಚಹಾ ತರಿಸಿ ತನ್ನ ಕೈಯಾರೆ ಲೋಟ ಕೊಟ್ಟರು.

"ನೀವು ನಮ್ಮ ಮಗಳಿದ್ದ ಹಾಗೆ. ಒಂದು ಮಾತು ಹೇಳ್ತೀನಿ. ಹಿಂದೆ ಒಂದು ಅಡ್ಡಗೋಡೆ ಇದೆಯಲ್ಲ, ಅದು ಉಗ್ರಾಣದ್ದು. ಆಮೇಲೆ ಯಾರೋ ಕಟ್ಟಿದ್ದು. 'ಮಹತ್ವವಿಲ್ಲ, ತೆಗೆಯಬಹುದು' ಅಂತ ಹಾಕಿಬಿಡಿ. ಹಾಲ್ ಅಂದ್ಮೇಲೆ ವಿಶಾಲವಾಗಿರಬೇಕು ಅಲ್ವಾ?"

"ನೋಡಿ ಬರೀತೀನಿ ಸರ್" ಅಂದೆ.

"ನೋಡೋದೇನಿದೆ ಅದ್ರಲ್ಲಿ?" ಅಂದರು. ನಗುತ್ತಲೇ ಅಂದರು.

ಹೋಗಿ ನೋಡಿದೆ. ಅಡ್ಡಗೋಡೆಯ ಇಟ್ಟಿಗೆ ಹೊರಗೋಡೆಯ ಇಟ್ಟಿಗೆಯೊಳಗೆ ಹಲ್ಲು ಕಚ್ಚಿದ ಹಾಗೆ ಸೇರಿಕೊಂಡಿದೆ. ಅದೇ ಸುಣ್ಣ, ಅದೇ ಕೈ. ಚರ್ಚು ಕಟ್ಟಿದ ದಿನವೇ ಆ ಗೋಡೆಯನ್ನೂ ಕಟ್ಟಿದ್ದಾರೆ. ಅಧ್ಯಕ್ಷರಿಗೆ ಗೊತ್ತಿಲ್ಲ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ. ಎರಡರಲ್ಲಿ ಯಾವುದು ಅಂತ ಪತ್ತೆ ಮಾಡದೆ ಬಿಡುವುದಿಲ್ಲ.

ನಿನ್ನ
ಮೂಗುಮುರುಕಿ


ಲಾಡ್ಜು
ಫೆಬ್ರುವರಿ 17

ದೊಡ್ಡಮ್ಮ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಲೇಬೇಕು.

ಪಾದ್ರಿ ನಿಲುವಂಗಿ ತೊಡುವ ಕೋಣೆಯ ಕಪಾಟಿನಲ್ಲಿ ಸಮಿತಿಯ ಹಳೆಯ ನಡಾವಳಿ ಪುಸ್ತಕ ಸಿಕ್ಕಿತು. ಇಲಿಗಳು ಅರ್ಧ ತಿಂದು ಅದರಲ್ಲೇ ಮರಿ ಹಾಕಿವೆ. ಕೈಗವಸು ಹಾಕಿಕೊಂಡು ಹಾಳೆ ಬಿಡಿಸಿದೆ. ನಲವತ್ನಾಲ್ಕು ವರ್ಷದ ಹಿಂದಿನ ಒಂದು ಪುಟ ಇದು, ಅಕ್ಷರಶಃ ಇಳಿಸುತ್ತೇನೆ:

"ಹಿಂಬಾಗಿಲಿನವರಾದ ಚರ್ಮ ಹದಗಾರರ ಪೈಕಿ ಇಬ್ಬರು ಹುಡುಗಿಯರು ತಮ್ಮ ತಾಯಿಯ ಶವಪೆಟ್ಟಿಗೆಯನ್ನು ಮುಂಬಾಗಿಲಿನಿಂದ ತರಿಸಿ ಮೊದಲ ಬೆಂಚಿನ ಮೇಲೆ ಇರಿಸಿದ್ದಲ್ಲದೆ ಸ್ಥಳವನ್ನು ಹೊಲಸು ಮಾಡಿರುವುದರಿಂದ, ಸದರಿ ಬೆಂಚನ್ನು ಸುಡಲು, ಸದರಿ ಜನರಿಂದಲೇ ಮೂರು ದಿನ ನೆಲ ತೊಳೆಸಲು, ಮತ್ತು ಅವರು ಕ್ಷಮೆ ಕೇಳುವವರೆಗೆ ಹಿಂಬಾಗಿಲನ್ನೂ ಮುಚ್ಚಿಡಲು ಒಮ್ಮತದಿಂದ ತೀರ್ಮಾನಿಸಲಾಯಿತು."

ಕಾರ್ಯದರ್ಶಿಯ ಸಹಿ ಈ ಮಿಲ್ಲಿನ ಯಜಮಾನನ ಅಪ್ಪನದು. ಅಂದರೆ ನಾನು ಹಂದಿಗೂಡು ಅಂದದ್ದು ಮನುಷ್ಯರು ನಿಂತು ಪ್ರಾರ್ಥನೆ ಮಾಡುತ್ತಿದ್ದ ಜಾಗ. ಹದಗಾರರ ಮೈ ನಾತ ಕಲ್ಲುನೆಲದ ಕಡೆಯವರ ಮೂಗಿಗೆ ತಾಗಬಾರದು ಅಂತ ಗೋಡೆ.

ಬೀಗದಕ್ಕನನ್ನು ಕೇಳಿದೆ. ಮೊದಲು ಗೊತ್ತಿಲ್ಲ ಅಂದಳು. ಪುಸ್ತಕ ತೋರಿಸಿದ ಮೇಲೆ ಆಡಿನ ಕುತ್ತಿಗೆ ಕೆರೆಯುತ್ತ ಕೂತುಬಿಟ್ಟಳು.

"ನಾನಾಗ ಹನ್ನೊಂದು ವರ್ಷದವಳು. ಮೂರನೇ ಬೆಂಚಲ್ಲಿ ಕೂತಿದ್ದೆ. ಪೆಟ್ಟಿಗೆ ಒಳಗೆ ಬಂತು. ನಮ್ಮಮ್ಮ ಮೂಗು ಮುಚ್ಕೊಂಡ್ರು, ನಾನೂ ಮುಚ್ಕೊಂಡೆ. ನಿಜ ಹೇಳ್ತೀನಮ್ಮ, ನನಗೇನೂ ವಾಸನೆ ಬಂದಿರ್ಲಿಲ್ಲ."

ಚಿಕ್ಕ ಹುಡುಗಿ ಅಲ್ಲೇ ವಾಂತಿ ಮಾಡಿಕೊಂಡಳಂತೆ. ಅಕ್ಕ ಅನ್ನಿಸಿಕೊಂಡವಳು ಅವಳನ್ನು ಹಿಡಿದುಕೊಳ್ಳುವುದು ಬಿಟ್ಟು, ಎಲ್ಲರ ಎದುರು ಕೆನ್ನೆಗೆ ಬಾರಿಸಿದಳಂತೆ. ತಾಯಿಯ ಹೆಣದ ಮುಂದೆ! ಬೀಗದಕ್ಕನಿಗೆ ಇವತ್ತಿಗೂ ಆ ಸದ್ದು ನೆನಪಿದೆ.

ಒಂದು ಮಾತು ಹೇಳಲಾ ದೊಡ್ಡಮ್ಮ? ಸಮಿತಿಯವರು ಅಸಹ್ಯವೇ. ಆದರೆ ಅವರು ಹೊರಗಿನವರು. ಆ ದೊಡ್ಡವಳನ್ನು ನೆನೆದರೆ ನನಗೆ ಎಲ್ಲರಿಗಿಂತ ಹೆಚ್ಚು ಹೇಸಿಗೆಯಾಗುತ್ತದೆ. ಎಂಥ ಅಕ್ಕ ಅವಳು? ನೀನು ನನ್ನಮ್ಮನನ್ನು ಅಂಗೈಯಲ್ಲಿಟ್ಟು ನೋಡಿಕೊಂಡೆ. ಅದಕ್ಕೇ ಇರಬೇಕು, ನನಗೆ ಇದನ್ನು ನುಂಗಲಾಗುತ್ತಿಲ್ಲ.

ಹದಗಾರರು ಯಾರೂ ನೆಲ ತೊಳೆಯಲು ಬರಲಿಲ್ಲವಂತೆ. ಕ್ಷಮೆಯನ್ನೂ ಕೇಳಲಿಲ್ಲ. ಒಂದು ವರ್ಷದೊಳಗೆ ಎಲ್ಲ ಮನೆಗಳೂ ಖಾಲಿ. ಗಂಟೆ ಹೊಡೆಯುವವರು, ಗುಡಿಸುವವರು, ಗುಂಡಿ ತೋಡುವವರು ಎಲ್ಲರೂ ಅವರೇ ಆಗಿದ್ದರು. ಮುಂಬಾಗಿಲಿನವರಲ್ಲಿ ಒಬ್ಬರೂ ಪೊರಕೆ ಮುಟ್ಟಲಿಲ್ಲ. ಕೊನೆಗೆ ಚರ್ಚು ಬಾವಲಿಗಳ ಪಾಲಾಯಿತು. ಛಾವಣಿ ಕೆಟ್ಟಿತು, ಅದಕ್ಕೇ ಮುಚ್ಚಿದೆವು ಅಂತ ಹೊರಗೆ ಹೇಳುತ್ತಾರೆ. ನಾನು ಛಾವಣಿ ಹತ್ತಿ ನೋಡಿದ್ದೇನೆ. ಗಟ್ಟಿಯಾಗಿದೆ.

ಬೇಗ ಬರೆ.

ಮೂಗುಮುರುಕಿ


ಲಾಡ್ಜು
ಫೆಬ್ರುವರಿ 28

ದೊಡ್ಡಮ್ಮ,

ಎರಡು ಕಾಗದಕ್ಕೂ ಉತ್ತರವಿಲ್ಲ. ನೀನು ಹೀಗೆ ಮಾಡಿದವಳಲ್ಲ. ನಿನ್ನೆ ಟೈಲರಮ್ಮನಿಗೆ ಫೋನ್ ಮಾಡಿದೆ. "ಚೆನ್ನಾಗೇ ಇದ್ದಾರಲ್ಲ, ಬೆಳಿಗ್ಗೆಯಿಂದ ಬಟ್ಟೆ ಒಗೀತಾನೇ ಇದ್ದಾರೆ. ಒಗೆದ ಬಟ್ಟೇನೇ ಮತ್ತೆ ಒಗೀತಿದ್ದಾರೆ" ಅಂದಳು. ಏನಾಗಿದೆ ನಿನಗೆ? ಕೋಪವಾ? ನಿನ್ನ ಮಾತು ಕೇಳದೆ ಆ ಹಿಂದಿನ ಭಾಗಕ್ಕೆ ಹೋದೆ ಅಂತಲಾ?

ವರದಿ ಮುಕ್ಕಾಲು ಮುಗಿದಿದೆ. ಎರಡು ಸಾಲಾದರೂ ಬರೆ.


ಮನೆ
ಮಾರ್ಚ್ 5

ಮಗಳೇ,

ಕಾಯಿಲೆ ಏನೂ ಇಲ್ಲ. ಕೋಪವೂ ಇಲ್ಲ.

ಆ ಇಬ್ಬರಲ್ಲಿ ದೊಡ್ಡವಳು ನಾನು. ವಾಂತಿ ಮಾಡಿಕೊಂಡವಳು ನಿನ್ನಮ್ಮ.

ಇದನ್ನು ಬರೆಯಲು ಹದಿನೈದು ದಿನ ಬೇಕಾಯಿತು. ಬರೆದ ಮೇಲೆ ನೋಡಿದರೆ ಎರಡೇ ಸಾಲು.

ನಿನ್ನ ತಾತ ಹದಗಾರ. ಹೊಳೆಯ ತಿರುವಿನಲ್ಲಿ ನಮ್ಮವು ಹದಿನಾಲ್ಕು ಮನೆ. ಮನೆಯ ಹಿಂದೆಯೇ ಸುಣ್ಣದ ಗುಂಡಿಗಳು. ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಮಾಂಸ ಕೆರೆದು, ಮರದ ತೊಗಟೆಯ ನೀರಿನಲ್ಲಿ ಮುಳುಗಿಸಿಡುವುದು. ಆ ನಾತ ಹೇಗಿರುತ್ತದೆ ಅಂತ ಹೇಳಲು ನನಗೆ ಬರುವುದಿಲ್ಲ, ಯಾಕೆಂದರೆ ನನಗೆ ಅದು ನಾತ ಅಂತಲೇ ಗೊತ್ತಿರಲಿಲ್ಲ. ಭಾನುವಾರ ಆ ಬಾಗಿಲಲ್ಲಿ ಬಗ್ಗಿ ಒಳಗೆ ಹೋದಾಗ ಮಾತ್ರ ಗೊತ್ತಾಗುತ್ತಿತ್ತು. ಗೋಡೆಯ ಆಚೆಯ ತಲೆಗಳು ಒಂದೊಂದಾಗಿ ಮುಂದಕ್ಕೆ ವಾಲುತ್ತಿದ್ದವು. ಅವರ ಕಾಲಿನ ಜೋಡು ನಮ್ಮ ಗುಂಡಿಯಿಂದ ಬಂದದ್ದು. ಪಾದ್ರಿಯ ಪ್ರಾರ್ಥನೆ ಪುಸ್ತಕದ ಹೊದಿಕೆ ನಮ್ಮಪ್ಪ ಹದ ಮಾಡಿದ ಚರ್ಮ. ಅದಕ್ಕೆ ಅವರು ಮುತ್ತಿಡುತ್ತಿದ್ದರು.

ನೀನು ಬಾಗಿಲು ಅಳೆದೆಯಲ್ಲ, ಎರಡಡಿ. ಅದರಲ್ಲಿ ಪೆಟ್ಟಿಗೆ ಹೋದೀತು, ಹೊತ್ತವರು ಹೋಗುವುದಿಲ್ಲ. ನಮ್ಮ ಹೆಣಗಳು ಒಳಗೆ ಬರಬಾರದು ಅಂತಲೇ ಆ ಅಳತೆ. ಪಾದ್ರಿ ಹೊರಗೆ ಬಂದು ದೂರದಲ್ಲಿ ನಿಂತು ನಾಲ್ಕು ಮಾತು ಓದಿ ಹೋಗುತ್ತಿದ್ದರು. ನಮ್ಮಮ್ಮ ಇಪ್ಪತ್ತು ವರ್ಷ ಆ ಚರ್ಚಿನ ನೆಲ ಗುಡಿಸಿದವಳು. ಕಲ್ಲಿನ ನೆಲ, ಅವರ ಕಡೆಯದು. ಗುಡಿಸಲು ಮಾತ್ರ ಆ ಕಡೆಗೆ ಹೋಗಬಹುದಿತ್ತು. ಅವಳು ಸತ್ತಾಗ ನನಗೆ ಹದಿನೇಳು, ನಿನ್ನಮ್ಮನಿಗೆ ಹನ್ನೆರಡು. ಪೆಟ್ಟಿಗೆ ಹೊತ್ತವರಿಗೆ ನಾನೇ ಹೇಳಿದೆ, "ಮುಂದಿನ ಬಾಗಿಲಿಗೆ ನಡೀರಿ" ಅಂತ. ಅಪ್ಪ ಬೇಡ ಅಂದರು. ನಾನು ಕೇಳಲಿಲ್ಲ.

ಒಳಗೆ ಹೋಗಿ ಮೊದಲ ಬೆಂಚಿನ ಮೇಲೆ ಇಳಿಸಿದೆವು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಎಲ್ಲರೂ ಸುಮ್ಮನೆ ಕರ್ಚೀಫು ತೆಗೆದರು. ಪಾದ್ರಿ ಪುಸ್ತಕ ತೆರೆದು ನಿಂತಿದ್ದರು, ಓದಲಿಲ್ಲ. ಯಾರಾದರೂ ಓದಿ ಅನ್ನಲಿ ಅಂತ ಕಾಯುತ್ತಿದ್ದರು. ಆಗ ನಿನ್ನಮ್ಮ ವಾಂತಿ ಮಾಡಿದಳು. ಎರಡು ದಿನದಿಂದ ಏನೂ ತಿಂದಿರಲಿಲ್ಲ, ಬರೀ ಹಳದಿ ನೀರು.

ಅವಳನ್ನು ನೋಡಿದೆ. ಮೂಗು ಸೋರುತ್ತಿತ್ತು, ಕೂದಲು ಬಾಯಿಗೆ ಅಂಟಿತ್ತು. ಆ ಒಂದು ಕ್ಷಣ ನಾನು ಅವಳನ್ನು ಅವರ ಕಣ್ಣಿಂದ ನೋಡಿದೆ. ಗಲೀಜು ಹುಡುಗಿ, ನಾರುವ ಹುಡುಗಿ. ನನಗೆ ಅಸಹ್ಯವಾಯಿತು. ಕೈ ಬೀಸಿಬಿಟ್ಟೆ.

ಅವಳು ಅಳಲಿಲ್ಲ. "ಒರೆಸ್ತೀನಿ ಅಕ್ಕ" ಅಂದಳು. ಮಂಡಿಯೂರಿ ತನ್ನ ಲಂಗದಿಂದ ನೆಲ ಒರೆಸಿದಳು.

ಅಮ್ಮನನ್ನು ವಾಪಸು ಹೊತ್ತುಕೊಂಡು ಬಂದು ಗುಂಡಿಗಳ ಪಕ್ಕ, ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದೆವು. ಓದುವವರು ಯಾರೂ ಇರಲಿಲ್ಲ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ನಿನ್ನಮ್ಮ ಆಸ್ಪತ್ರೆಯಲ್ಲಿ ಕೊನೆಯ ಸಲ ಮಲಗಿದ್ದಾಗ ಹೇಳಬೇಕು ಅಂತ ಹತ್ತಿರ ಕೂತೆ. ಅವಳಿಗೆ ವಾಂತಿಯಾಗುತ್ತಿತ್ತು. ಪಾತ್ರೆ ಹಿಡಿದುಕೊಂಡು ಕೂತೆ, ಹೇಳಲಿಲ್ಲ.

ನೀನು ಬರೆದದ್ದರಲ್ಲಿ ತಪ್ಪೇನಿಲ್ಲ. ಎಂಥ ಅಕ್ಕ ಅಂತ ನಾನೂ ಕೇಳಿಕೊಂಡಿದ್ದೇನೆ.

ನೀನು ಸಣ್ಣವಳಿದ್ದಾಗ ದಿನಕ್ಕೆ ಎರಡು ಸಲ ಚರ್ಮ ಕೆಂಪಾಗುವಷ್ಟು ಉಜ್ಜುತ್ತಿದ್ದೆ, ನೆನಪಿದೆಯಾ? ನೀನು ಯಾವುದಕ್ಕಾದರೂ ಮೂಗು ಮುರಿದರೆ ನನಗೆ ಒಳಗೊಳಗೇ ಖುಷಿ. ನಮ್ಮ ವಂಶದಲ್ಲಿ ಒಬ್ಬಳಾದರೂ ಮೂಗು ಮುರಿಯುವವರ ಕಡೆಗೆ ಸೇರಿದಳು ಅಂತ. ಆ ಹೆಸರಿಟ್ಟದ್ದು ಬೈಯಲು ಅಲ್ಲ, ಹೆಮ್ಮೆಗೆ. ಈಗ ಅದನ್ನು ನೆನೆದರೆ ನನಗೇ ವಾಕರಿಕೆ.

ವರದಿಯಲ್ಲಿ ನಮ್ಮನ್ನು ತರಬೇಡ. ಗೋಡೆಯ ವಿಷಯ ನಿನ್ನ ಕೆಲಸ, ನಿನಗೆ ಕಂಡಂತೆ ಮಾಡು.

ದೊಡ್ಡಮ್ಮ


ಮೂರನೇ ಕಟ್ಟಡದ ಊರಿನಿಂದ
ಮಾರ್ಚ್ 24

ದೊಡ್ಡಮ್ಮ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ನಾನೂ ನಿನ್ನ ಹಾಗೇ ಮಾಡಿದೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಒಂದರಲ್ಲಿ ನಿನ್ನನ್ನು ಸಮಾಧಾನ ಮಾಡಿದ್ದೆ. ಅಮ್ಮ ಅದನ್ನು ಮರೆತಿದ್ದಳು, ನನಗೆ ಹೇಳಿದ್ದಳು ಅಂತ ಕತೆ ಕಟ್ಟಿದ್ದೆ. ಅಂಚೆ ಪೆಟ್ಟಿಗೆಯವರೆಗೆ ಹೋಗಿ ವಾಪಸು ತಂದೆ. ಅಮ್ಮ ನನಗೆ ಏನೂ ಹೇಳಿಲ್ಲ. ಅವಳು ತೀರಿಕೊಂಡಾಗ ನನಗೆ ಒಂಬತ್ತು. ಅವಳು ಮರೆತಿದ್ದಳೋ, ಕ್ಷಮಿಸಿದ್ದಳೋ, ಹಾಗೇ ಇಟ್ಟುಕೊಂಡಿದ್ದಳೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಾಗುವುದಿಲ್ಲ. ಈ ಮಾತು ಕಟುವಾಗಿದೆ, ಆದರೆ ನಿನಗೆ ಇನ್ನೊಂದು ಸುಳ್ಳು ಕೊಡಲಾರೆ.

ನನಗೆ ಗೊತ್ತಿರುವುದು ಇಷ್ಟು. ಅವಳ ಗಂಡ ಬಿಟ್ಟು ಹೋದಾಗ ಅವಳು ನನ್ನನ್ನು ಎತ್ತಿಕೊಂಡು ಬಂದದ್ದು ನಿನ್ನ ಬಾಗಿಲಿಗೆ.

ನಾನು ಬರೆದದ್ದಕ್ಕೆ ಏನು ಹೇಳಲಿ? ಹಂದಿಗೂಡು ಅಂದೆ. ನಕ್ಕೆ ಅಂತ ಬೇರೆ ಬರೆದೆ. ಸ್ನಾನದ ಕೋಣೆಯ ಕನ್ನಡಿಯಲ್ಲಿ ನನ್ನ ಮೂಗು ನೋಡಿಕೊಂಡು ಅದನ್ನು ಹಿಡಿದು ತಿರುಚಬೇಕು ಅನ್ನಿಸಿತು.

ವರದಿ ಕೊಟ್ಟಾಯಿತು. ಅಡ್ಡಗೋಡೆ ಮೂಲ ಕಟ್ಟಡದ ಭಾಗ ಅಂತ ಬರೆದೆ. ಎತ್ತರ, ದಪ್ಪ, ಎರಡು ಬಾಗಿಲುಗಳ ಅಗಲ, ಎರಡು ನೆಲಗಳ ವ್ಯತ್ಯಾಸ, ಎಲ್ಲ ಬರೆದೆ. ಯಾಕೆ ಕಟ್ಟಿದರು ಅನ್ನುವುದಕ್ಕೆ ನಡಾವಳಿಯ ಆ ಪುಟದ ಫೋಟೋ ಲಗತ್ತಿಸಿದೆ. ನಿಮ್ಮಿಬ್ಬರ ಬಗ್ಗೆ ಅದರಲ್ಲಿರುವುದು "ಇಬ್ಬರು ಹುಡುಗಿಯರು" ಅಷ್ಟೇ. ನೀನು ಹೇಳಿದ್ದನ್ನು ಅಲ್ಲಿಯವರೆಗೆ ಪಾಲಿಸಿದೆ.

ಆಮೇಲೆ ಪಾಲಿಸಲಿಲ್ಲ. ಸಮಿತಿಗೆ ಒಂದು ಪ್ರತಿ ಕೊಡಬೇಕು, ಅದು ನಿಯಮ. ಮಿಲ್ಲಿನ ಆಫೀಸಿಗೆ ಹೋದೆ. ಅಧ್ಯಕ್ಷರು ಚಹಾಕ್ಕೆ ಹೇಳಿ, ನಾನು ಮೊದಲು ಕೊಟ್ಟ ಸಾರಾಂಶದ ಪುಟಗಳನ್ನು ಓದಿದರು.

"ಏನಮ್ಮ ಇದು? ಹಳೇ ಹೊಲಸನ್ನೆಲ್ಲ ಎತ್ತಿ ಹಾಕಿದ್ದೀರಲ್ಲ. ಯಾರಿಗೆ ಬೇಕು ಈಗ? ಈಗ ಎಲ್ಲರೂ ಒಂದೇ. ನಮ್ಮ ಮಿಲ್ಲಲ್ಲಿ ಯಾರ್ಯಾರೋ ಕೆಲಸ ಮಾಡ್ತಾರೆ, ನಾನು ಕೇಳ್ತೀನಾ?"

"ಆ ಇಬ್ಬರು ಹುಡುಗಿಯರಲ್ಲಿ ಚಿಕ್ಕವಳು ನಮ್ಮಮ್ಮ, ಸರ್" ಅಂದೆ. ಹೇಳಬೇಕು ಅಂತ ಹೋಗಿರಲಿಲ್ಲ. ಬಂದುಬಿಟ್ಟಿತು.

ನಾನಾಗ ಪೂರ್ತಿ ಕಡತವನ್ನು ಅವರ ಕಡೆಗೆ ಚಾಚಿದ್ದೆ. ಅವರ ಕೈಯೂ ಮುಂದೆ ಬಂದಿತ್ತು. ಅಲ್ಲೇ ನಿಂತಿತು.

"ಅಲ್ಲಿ... ಮೇಜಿನ ಮೇಲೆ ಇಡಿ" ಅಂದರು.

ಇಟ್ಟೆ. "ಛೆ ಛೆ, ನಾವು ಅದೆಲ್ಲ ನೋಡೋದಿಲ್ಲಮ್ಮ" ಅಂದರು. ಹಾಗನ್ನುತ್ತಲೇ ಪಕ್ಕದಲ್ಲಿದ್ದ ಅಡಿಪಟ್ಟಿ ತೆಗೆದುಕೊಂಡು, ಅದರ ತುದಿಯಿಂದ ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ತಾವು ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು. ಮೂರು ವಾರ ಓಡಾಡಿದ ಬಾವಲಿ ಹಿಕ್ಕೆಯೂ ಇದರ ಮುಂದೆ ಏನಲ್ಲ. ಚಹಾ ಬರಲಿಲ್ಲ. ಬಂದಿದ್ದರೂ ನಾನು ಕುಡಿಯುತ್ತಿರಲಿಲ್ಲ.

ಹೋದ ವಾರ ಇಲಾಖೆಯ ಆದೇಶ ಬಂತು. ದುರಸ್ತಿಗೆ ಅನುಮತಿ ಇದೆ, ಆದರೆ ಗೋಡೆಯನ್ನೂ ಹಿಂಬಾಗಿಲನ್ನೂ ಮುಟ್ಟುವ ಹಾಗಿಲ್ಲ. ಅದನ್ನು ಇಟ್ಟುಕೊಂಡು ಮದುವೆ ಹಾಲ್ ಹೇಗೆ ಮಾಡುವುದು ಅಂತ ಸಮಿತಿಯವರು ಅರ್ಜಿಯನ್ನೇ ವಾಪಸು ತೆಗೆದುಕೊಂಡರು. ಬೀಗದಕ್ಕನ ಆಡುಗಳು ಗೆದ್ದವು.

ನಾನು ಅಲ್ಲಿಂದ ಹೊರಡುವಾಗ ಬೀಗದಕ್ಕ ಆ ದೊಡ್ಡ ಹುಡುಗಿ ಏನಾದಳೋ ಅಂತ ಕೇಳಿದಳು. ನನ್ನ ದೊಡ್ಡಮ್ಮನೇ ಅಂತ ಹೇಳಿದೆ. "ಬರ್ತಾರಾ ಅವರು?" ಅಂದಳು. ಹೊಳೆಯ ದಂಡೆಯಲ್ಲಿ ಗುಂಡಿಗಳ ಗುರುತು ಇನ್ನೂ ಇದೆಯಂತೆ. ಅಜ್ಜಿಯ ಜಾಗ ಹುಡುಕಬಹುದು. ದೊಡ್ಡಮ್ಮ, ಬಾ. ನಾನು ರಜೆ ಹಾಕುತ್ತೇನೆ. ಚರ್ಚನ್ನು ನಾವು ಮೂವರೂ ಸೇರಿ ಗುಡಿಸಿ, ತೊಳೆದು, ಒಂದು ದಿನವಾದರೂ ಮುಂಬಾಗಿಲು ತೆರೆದಿಟ್ಟು ಅಜ್ಜಿಗಾಗಿ ಕೂರೋಣ. ಬರುತ್ತೀಯಾ?

ನಿನ್ನ ಮಗಳು


ಮನೆ
ಮಾರ್ಚ್ 30

ಮಗಳೇ,

ಅಮ್ಮನ ಜಾಗ ನೋಡಲು ಬರುತ್ತೇನೆ. ಬೇಸಿಗೆ ಕಳೆದು ಹೊಳೆ ತುಂಬುವ ಮೊದಲು, ನಿನಗೆ ರಜೆ ಸಿಕ್ಕಾಗ. ದಾರಿ ಕೇಳುವುದು ಬೇಡ, ನನಗೆ ಗೊತ್ತು.

ಚರ್ಚಿಗೆ ಮಾತ್ರ ಬರುವುದಿಲ್ಲ. ತೊಳೆಯುವ ಮಾತಂತೂ ಎತ್ತಲೇಬೇಡ. ಮೂವತ್ತೈದು ವರ್ಷ ಊರಿನವರೆಲ್ಲರ ರಕ್ತ, ಕೀವು, ಮಲ ಮೂತ್ರ ತೊಳೆದಿದ್ದೇನೆ. ನನಗೆ ಹೇಸಿಗೆ ಅನ್ನಿಸಿರಲಿಲ್ಲ. ಅವು ಕಾಯಿಲೆಯವರವು. ಇದು ಬೇರೆ. ಮೂರು ದಿನ ನೆಲ ತೊಳೆಯಿರಿ ಅಂತ ಆವತ್ತು ಹೇಳಿದರು. ನಾವು ತೊಳೆಯಲಿಲ್ಲ. ಈಗ ನಾನಾಗಿಯೇ ಪೊರಕೆ ಹಿಡಿದುಕೊಂಡು ಹೋಗಲಾ? ನಿನ್ನ ಮನಸ್ಸು ಒಳ್ಳೆಯದು, ಆದರೆ ನೀನು ಯೋಚನೆ ಮಾಡಿ ಬರೆಯಲಿಲ್ಲ. ಅಲ್ಲಿ ಕಾಲಿನ ಗಂಟಿನವರೆಗೆ ಇದೆ ಅಂದೆಯಲ್ಲ, ಮಂಡಿಯವರೆಗೆ ಬರಲಿ. ಅದು ಅವರ ಕೊಳೆ. ಅವರ ಹತ್ತಿರವೇ ಇರಲಿ.

ಆ ಬೀಗದ ಹೆಂಗಸಿಗೆ ಹೇಳು, ಮೂರನೇ ಬೆಂಚಿನಲ್ಲಿದ್ದ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಹೊಳೆಯ ಹತ್ತಿರ ಬಂದರೆ ಮಾತಾಡೋಣ.

ನೀನು ಸುಳ್ಳು ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಬರೆದಿದ್ದರೆ ನಾನು ನಂಬಿಬಿಡುತ್ತಿದ್ದೆ. ಆಮೇಲೆ ದಿನಾ ಅದನ್ನು ತೆಗೆದು ತೆಗೆದು ನೋಡಿ, ಸುಳ್ಳು ಅಂತ ಕಂಡುಹಿಡಿಯುತ್ತಿದ್ದೆ.

ನಿನ್ನೆ ಟೈಲರಮ್ಮ ಬಂದಿದ್ದಳು. ನಿನ್ನ ಕೋಟು ಕೊಟ್ಟು ಚಹಾಕ್ಕೆ ಕೂತಳು. ಎಂದಿನ ಹಾಗೆ ಅದೂ ಇದೂ ಮಾತಾಡುತ್ತ, "ನಿಮ್ಮ ತವರು ಯಾವ ಕಡೆ ಅಂತ ನೀವು ಹೇಳೇ ಇಲ್ಲವಲ್ಲ" ಅಂದಳು. ಇಷ್ಟು ವರ್ಷ ಯಾರು ಕೇಳಿದರೂ "ಹೊಳೆ ಆಚೆ" ಅಂದುಬಿಡುತ್ತಿದ್ದೆ.

"ನಮ್ಮಪ್ಪ ತೊಗಲು ಹದ ಮಾಡ್ತಿದ್ರು. ನಾವು ಗುಂಡಿ ಪಕ್ಕದಲ್ಲೇ ಬೆಳೆದೋರು" ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ನನ್ನ ದನಿ ನನಗೆ ಕೇಳಿಸುವುದಿಲ್ಲವಲ್ಲ. ಬೀದಿಗೂ ಕೇಳಿಸಿರಬಹುದು.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಕೈ ನೋಡುತ್ತ ಕೂತೆ. ಲೋಟ ಕೆಳಗಿಡುತ್ತಾಳೋ ಅಂತ. ಅವಳು ಏನೋ ಅಂದಳು, ನನಗೆ ಕೇಳಿಸಲಿಲ್ಲ. "ಆಂ?" ಅಂದೆ. ಮತ್ತೆ ಅಂದಳು. ಮತ್ತೂ ಕೇಳಿಸಲಿಲ್ಲ. ಕೊನೆಗೆ ಅವಳು ಎದ್ದು ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟು, "ಇನ್ನರ್ಧ ಲೋಟ ಇದ್ರೆ ಹಾಕಿ ಅಂದೆ" ಅಂತ ಕಿರುಚಿದಳು.

ದೊಡ್ಡಮ್ಮ